ಅಂಗಡಿಕಾರನಿಗೆ ದಂಡ, ಸರಕಾರಕ್ಕೆ ಪಾಲಿಸ್ಟರ್

2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನುಗಳನ್ನು ಕೇಂದ್ರ ಸರಕಾರ ನಿಷೇಧಿಸಿತು. ಲೋಟ, ತಟ್ಟೆ, ಚಮಚೆ, ಮಕ್ಕಳ ಮಿಠಾಯಿಯ ಕಡ್ಡಿ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಪ್ಲಾಸ್ಟಿಕ್ ಬಾವುಟವೂ ಇತ್ತು. ಈ ಕಡೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ನಿಷೇಧಕ್ಕೆ ನಮ್ಮ ಸಮ್ಮತಿಯಿದೆ. ಪೇಟೆಯ ಗಟಾರಗಳು ಕಟ್ಟಿಕೊಂಡು ನಾರುವುದನ್ನು ಕಂಡವರಾರೂ ಅದನ್ನು ವಿರೋಧಿಸಲಾರರು. ಕಿರಾಣಿ ಅಂಗಡಿಯವನು ಕೈಚೀಲದ ದಪ್ಪವನ್ನು ಮೈಕ್ರಾನಿನಲ್ಲಿ ಲೆಕ್ಕ ಹಾಕುವುದನ್ನು ಕಲಿತ. ತಪ್ಪಿದವನು ದಂಡ ತೆತ್ತ. ಇರಲಿ, ಕಾಯಿದೆ ಎಲ್ಲರಿಗೂ ಒಂದೇ ಎಂದುಕೊಂಡೆವು.

ಆರು ವಾರ ಕಳೆಯಿತು. ಆಗಸ್ಟ್ 13ರಿಂದ 15ರ ವರೆಗೆ ಮನೆಮನೆಯ ಮೇಲೂ ರಾಷ್ಟ್ರಧ್ವಜ ಹಾರಿಸಿರೆಂದು ಅದೇ ಸರಕಾರ ಕರೆಯಿತ್ತಿತು. ಗುರಿ 20 ಕೋಟಿ ಮನೆಗಳು. ಅಂಚೆ ಇಲಾಖೆಯೇ ಒಂದಕ್ಕೆ 25 ರೂಪಾಯಿಯಂತೆ ಹತ್ತು ದಿನಗಳಲ್ಲಿ ಒಂದು ಕೋಟಿಗೂ ಮಿಕ್ಕಿ ಧ್ವಜ ಮಾರಿತು. ಬಡವನ ಸೂರಿನ ಮೇಲೆ ರಾಷ್ಟ್ರಧ್ವಜ ಹಾರುವುದಕ್ಕೆ ಯಾರ ತಕರಾರೂ ಇಲ್ಲ. ನಮ್ಮ ಪ್ರಶ್ನೆ ಬಟ್ಟೆಯದು. ಆ ಅಭಿಯಾನದ ಧ್ವಜಗಳಲ್ಲಿ ಬಹುಪಾಲು ಪಾಲಿಸ್ಟರ್!

ಅದಕ್ಕೆ ದಾರಿಯನ್ನು ಮೊದಲೇ ಸವರಿಟ್ಟಿದ್ದರು. ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯೇ ಧ್ವಜಕ್ಕೆ ಆಗಬೇಕೆಂದಿದ್ದ ಧ್ವಜ ಸಂಹಿತೆಯನ್ನು 2021ರ ಡಿಸೆಂಬರ್ 30ರಂದು ತಿದ್ದಿ, ಯಂತ್ರದ ಬಟ್ಟೆಗೂ ಪಾಲಿಸ್ಟರಿಗೂ ಒಪ್ಪಿಗೆ ಕೊಟ್ಟರು. ಪಾಲಿಸ್ಟರ್ ಎಂದರೇನು? ನೀರಿನ ಬಾಟಲಿಗೆ ಬಳಸುವ ಪ್ಲಾಸ್ಟಿಕ್ಕನ್ನೇ ಎಳೆ ತೆಗೆದರೆ ಆಗುವ ವಸ್ತು. ಅದರ ತವರು ಪೆಟ್ರೋಲಿಯಂ. ಹಾಳೆಯಾಗಿದ್ದಾಗ ಜುಲೈಯಲ್ಲಿ ಅಪರಾಧಿಯಾದದ್ದು, ನೂಲಾದೊಡನೆ ಆಗಸ್ಟ್‌ನಲ್ಲಿ ದೇಶಭಕ್ತ! ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಹರಿದ ಧ್ವಜವನ್ನು ಏಕಾಂತದಲ್ಲಿ, ಸಾಧ್ಯವಾದರೆ ಸುಟ್ಟು, ಗೌರವದಿಂದ ಮುಗಿಸಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಹತ್ತಿ ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಅಂಟಾಗಿ ಕಪ್ಪು ಹೊಗೆ ಬಿಡುತ್ತದೆ. ಮಣ್ಣಿಗೆ ಹಾಕಿದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕೊಳೆಯದು.

ನಮ್ಮ ನಾಡಿನಲ್ಲಿಯೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಸರಕಾರದ ಮಾನಕ ಸಂಸ್ಥೆಯ ಮುದ್ರೆ ಪಡೆದು ಖಾದಿ ಧ್ವಜ ಹೊಲಿಯುವ ಸಂಘವಿದೆ. ನೂಲುವವರು, ಹೊಲಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ತಿದ್ದುಪಡಿ ಬೇಡವೆಂದು ಆ ಸಂಘ 2022ರಲ್ಲಿಯೇ ಕೂಗಿತು. ಕೇಳುವವರಿರಲಿಲ್ಲ.

ಇಪ್ಪತ್ತು ಕೋಟಿ ಧ್ವಜ ಖಾದಿಯಿಂದ ಆಗುತ್ತಿತ್ತೇ ಎಂದು ಸರಕಾರದ ಪಕ್ಷಪಾತಿಗಳು ಕೇಳುತ್ತಾರೆ. ಆಗುತ್ತಿರಲಿಲ್ಲ, ಒಪ್ಪೋಣ. ಆದರೆ ತಿದ್ದಿದ ಸಂಹಿತೆ ಗಿರಣಿಯ ಹತ್ತಿ ಬಟ್ಟೆಗೂ ಒಪ್ಪಿಗೆ ಕೊಟ್ಟಿತ್ತಲ್ಲ! ಗಿರಣಿ ಕಾರ್ಮಿಕರೇ, ಇದನ್ನು ಗಮನವಿಟ್ಟು ಓದಿರಿ. ಕೇಂದ್ರ ಸರಕಾರದ ಸ್ವಂತ ಸಂಸ್ಥೆಯಾದ ರಾಷ್ಟ್ರೀಯ ಜವಳಿ ನಿಗಮದ 23 ಗಿರಣಿಗಳು 2020ರ ಮಾರ್ಚ್‌ನಲ್ಲಿ ನಿಂತವು. ನಮ್ಮ ಹಾಸನದ ನ್ಯೂ ಮಿನರ್ವಾ ಅವುಗಳಲ್ಲೊಂದು. ದೇಶವೆಲ್ಲ ಧ್ವಜದ ಬಟ್ಟೆ ಹುಡುಕುತ್ತಿದ್ದ 2022ರಲ್ಲಿಯೂ ಆ ಗಿರಣಿಗಳ ಕದ ತೆರೆಯಲಿಲ್ಲ. ತನ್ನ ಕದಿರುಗಳಿಗೆ ಬೀಗ ಹಾಕಿ, ಇಪ್ಪತ್ತು ಕೋಟಿ ಮನೆಗೆ ಪಾಲಿಸ್ಟರಿನ ದಾರಿ ತೋರಿಸಿದ ಸರಕಾರಕ್ಕೆ ಏನೆನ್ನೋಣ?

ಇದರ ಬೇರು ಟೆಂಡರಿನಲ್ಲಿದೆ. ನಮ್ಮ ಕಚೇರಿಗಳಲ್ಲಿ ಅತಿ ಕಡಿಮೆ ದರ ಬರೆದವನೇ ದೊರೆ. ಅಧಿಕಾರಿಗಳ ಬಾಯಲ್ಲಿ ಅವನ ಹೆಸರು 'ಎಲ್-1'. ವಸ್ತು ಎಷ್ಟು ದಿನ ಬಾಳುತ್ತದೆ, ಯಾರ ಕೈಗೆ ಕೂಲಿ ಕೊಡುತ್ತದೆ, ಸತ್ತ ಮೇಲೆ ಎಲ್ಲಿ ಬೀಳುತ್ತದೆ ಎಂಬ ಲೆಕ್ಕಕ್ಕೆ ಆ ಕಾಗದದಲ್ಲಿ ಅಂಕಣವೇ ಇಲ್ಲ. ಅಗ್ಗದ ಬಾವುಟದ ಉಳಿದ ಬೆಲೆಯನ್ನು ತೆರುವವರು ಪುರಸಭೆಯ ಕಸದ ಗಾಡಿ ತಳ್ಳುವ ಪೌರಕಾರ್ಮಿಕರು, ಆ ಗಾಡಿಗೆ ಕರ ಕೊಡುವ ನಾವು.

ಸರಕಾರದ ಕೊಳ್ಳುವ ಕೈ ಸಣ್ಣದಲ್ಲ. ಎಲ್‌ಇಡಿ ಬಲ್ಬನ್ನು ಕೇಂದ್ರದ ಕಂಪನಿಯೊಂದು ಕೋಟಿಗಟ್ಟಲೆ ಒಟ್ಟಿಗೆ ಕೊಳ್ಳತೊಡಗಿದಾಗ, 2014ರಲ್ಲಿ 310 ರೂಪಾಯಿಯಿದ್ದ ಖರೀದಿ ದರ 2016ರ ಹೊತ್ತಿಗೆ 38ಕ್ಕೆ ಇಳಿಯಿತು. ಹತ್ತಿ ಬಟ್ಟೆಗೆ ಅದೇ ಕೈಯನ್ನು ಏಕೆ ಚಾಚಲಿಲ್ಲ? ವರ್ಷಕ್ಕೆ ಇಷ್ಟು ಕೊಳ್ಳುತ್ತೇವೆಂದು ಮುಂಗಡ ಮಾತು ಕೊಟ್ಟಿದ್ದರೆ ಮಗ್ಗವೂ ಗಿರಣಿಯೂ ಒಟ್ಟಿಗೆ ಓಡುತ್ತಿದ್ದವು.

ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯಿದೆಗೆ ತಿದ್ದುಪಡಿ ತಂದು, ವಸ್ತುವಿನ ಬಾಳಿಕೆ ಮತ್ತು ಕಸದ ವೆಚ್ಚವನ್ನು ದರದೊಳಗೇ ಸೇರಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಅದಕ್ಕೆ ಮುಂಚೆ ಒಂದು ಕೆಲಸ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಕಟ್ಟಿ, ನಿಮ್ಮ ನಗರಸಭೆಗೆ, ತಾಲೂಕು ಪಂಚಾಯಿತಿಗೆ ಅರ್ಜಿ ಕೊಡಿರಿ. ಎಷ್ಟು ಧ್ವಜ ಕೊಂಡಿರಿ, ಯಾವ ಬಟ್ಟೆ, ಯಾರಿಂದ, ಹರಿದವು ಎಲ್ಲಿ ಹೋದವು? ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರಗಳನ್ನು ಈ ಪತ್ರಿಕೆಗೆ ಕಳಿಸಿರಿ. ಊರಿನ ಹೆಸರು ಹಾಕಿ ಅಚ್ಚು ಮಾಡುತ್ತೇವೆ.