ಸಂಗೀತ ಶಿಕ್ಷಣವೂ ಕೇಳ್ಮೆಯ ಸಂಸ್ಕಾರವೂ

ಸಂಗೀತ ಶಿಕ್ಷಣವೆಂದರೆ ಹಾಡುವವರನ್ನೂ ನುಡಿಸುವವರನ್ನೂ ಸಿದ್ಧಗೊಳಿಸುವ ವ್ಯವಸ್ಥೆಯೆಂದು ತಿಳಿಯುವುದು ವಾಡಿಕೆ. ಸಂಗೀತ ಶಾಲೆಗಳು ಪ್ರಮಾಣಪತ್ರಗಳನ್ನು ಹಂಚಿದವೇ ಹೊರತು ಮತ್ತೊಬ್ಬ ಮಲ್ಲಿಕಾರ್ಜುನ ಮನ್ಸೂರರನ್ನು ಕೊಡಲಿಲ್ಲವೆಂಬ ದೂರು ಹುಟ್ಟಿರುವುದು ಈ ತಿಳಿವಳಿಕೆಯಿಂದಲೇ. ದೂರು ಸುಳ್ಳಲ್ಲ, ಆದರೆ ಮಹಾಗಾಯಕರನ್ನು ಯಾವ ಶಾಲೆಯೂ ಲೆಕ್ಕ ಹಾಕಿ ತಯಾರಿಸಿದ್ದಿಲ್ಲ. ಒಂದು ನಾಡಿನ ಸಂಸ್ಕೃತಿಯಲ್ಲಿ ಸಂಗೀತವು ನೆಲೆ ನಿಲ್ಲಬೇಕಾದರೆ ಹಾಡಿದ್ದರ ಒಳಹೊರಗನ್ನು ಗುರುತಿಸಬಲ್ಲ ಕೇಳುಗರ ಸಮುದಾಯ ಬೇಕು, ಮತ್ತು ಶಿಕ್ಷಣದ ಯಶಸ್ಸನ್ನು ಮೊದಲು ಅಲ್ಲಿ ಹುಡುಕಬೇಕು.

ಧಾರವಾಡ-ಹುಬ್ಬಳ್ಳಿ ಸೀಮೆಯ ಇತಿಹಾಸ ಇದಕ್ಕೆ ಒಳ್ಳೆಯ ಸಾಕ್ಷಿ. ಮೈಸೂರಿನಂತೆ ದೊಡ್ಡ ಆಸ್ಥಾನವೊಂದು ಇಲ್ಲದ ಈ ಭಾಗದಲ್ಲಿ ಹಿಂದೂಸ್ತಾನಿ ಸಂಗೀತ ಬೇರೂರಿದ್ದಕ್ಕೆ ಗುರುಗಳ ಹಿರಿಮೆಯನ್ನಷ್ಟೇ ಕಾರಣವಾಗಿ ಹೇಳುವುದುಂಟು. ಕಿರಾನಾ ಘರಾನೆಯ, ಅಂದರೆ ಗುರುಪರಂಪರೆಯಿಂದ ಬೆಳೆದುಬಂದ ಆ ಹೆಸರಿನ ಗಾಯನಶೈಲಿಯ, ಅಬ್ದುಲ್ ಕರೀಂ ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು ಅವರಲ್ಲಿ ಕಲಿತ ಗಂಗೂಬಾಯಿ ಹಾನಗಲ್, ಗಂಧರ್ವರ ಮನೆಯಲ್ಲೇ ಇದ್ದು ಸೇವೆ ಮಾಡುತ್ತ ಕಲಿತ ಭೀಮಸೇನ ಜೋಶಿ, ಇವರೆಲ್ಲ ಆ ಕಥನದಲ್ಲಿ ಬರುತ್ತಾರೆ. ಅಷ್ಟೇ ಮುಖ್ಯವಾದರೂ ಕಡಿಮೆ ನೆನೆಯಲ್ಪಡುವುದು ವೃತ್ತಿ ನಾಟಕ ಕಂಪನಿಗಳ ಪಾತ್ರ. ರಾತ್ರಿಯಿಡೀ ನಡೆಯುತ್ತಿದ್ದ ನಾಟಕಗಳ ರಂಗಗೀತೆಗಳ ಮೂಲಕ ರಾಗಗಳು ರೈತರ, ವ್ಯಾಪಾರಿಗಳ ಕಿವಿಗೆ ಬಿದ್ದು, ಹೆಸರು ಗೊತ್ತಿಲ್ಲದಿದ್ದರೂ ಚಲನೆ ಗೊತ್ತಾಗುವಷ್ಟು ಪರಿಚಿತವಾದವು. ಬಾಲಕ ಮನ್ಸೂರರು ಬೆಳಕಿಗೆ ಬಂದದ್ದೂ ವಾಮನರಾವ್ ಮಾಸ್ತರರ ಕಂಪನಿಯ ರಂಗದ ಮೇಲೆಯೇ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಗುರುವಿನ ಪಾಠ ಮತ್ತು ನಾಟಕರಂಗವೆಂಬ ಈ ಎರಡು ಧಾರೆಗಳೂ ಕೂಡಿದ್ದವು. ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಅಂಧ ಮತ್ತು ಅನಾಥ ಮಕ್ಕಳಿಗೆ ಜಾತಿ ನೋಡದೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಇದರ ಖರ್ಚಿಗೆ ನಾಟಕ ಕಂಪನಿಯನ್ನೇ ಕಟ್ಟಿದರು. ಹೀಗೆ ಒಂದೇ ಸಂಸ್ಥೆ ಗಾಯಕರನ್ನು ಒಳಗೂ ಕೇಳುಗರನ್ನು ಹೊರಗೂ ಬೆಳೆಸಿತು.

ಆಧುನಿಕ ಸಂಗೀತ ಶಾಲೆಯ ಹಾದಿ ಬೇರೆ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಭಾತಖಂಡೆಯವರು ರಾಗಗಳನ್ನು ಹತ್ತು ಥಾಟ್‌ಗಳಲ್ಲಿ, ಅಂದರೆ ಸ್ವರಸಮೂಹಗಳಲ್ಲಿ, ವರ್ಗೀಕರಿಸಿ, ಘರಾನೆಗಳಲ್ಲಿ ಗುಟ್ಟಾಗಿದ್ದ ರಾಗಬದ್ಧ ರಚನೆಗಳಾದ ಬಂದಿಶ್‌ಗಳನ್ನು ಸ್ವರಲಿಪಿಯೊಡನೆ ಅಚ್ಚು ಹಾಕಿಸಿದರು. ಗುರುವಿನ ಮನೆಗೆ ಪ್ರವೇಶವಿಲ್ಲದಿದ್ದವರಿಗೆ, ಅದರಲ್ಲೂ ಮಧ್ಯಮ ವರ್ಗದ ಹೆಣ್ಣುಮಕ್ಕಳಿಗೆ, ಇದರಿಂದ ಬಾಗಿಲು ತೆರೆಯಿತು. ಗುರುಕುಲವನ್ನು ನೆನೆದು ಹಂಬಲಿಸುವವರು ಆ ಬಾಗಿಲು ಎಷ್ಟು ಜನರಿಗೆ ಮುಚ್ಚಿತ್ತೆಂಬುದನ್ನು ಮರೆಯುವುದೇ ಹೆಚ್ಚು. ಹಾಗೆಂದು ಲಿಪಿಯ ಮಿತಿಯನ್ನೂ ಮುಚ್ಚಿಡಲಾಗದು. ಕರ್ನಾಟಕ ಸಂಗೀತದ ತೋಡಿ ರಾಗದ ಗಾಂಧಾರ ಕಾಗದದ ಮೇಲೆ ಒಂದೇ ಅಕ್ಷರ. ಹಾಡುವಾಗ ಅದು ಗಮಕದಿಂದ, ಎಂದರೆ ಸ್ವರವನ್ನು ತೂಗಾಡಿಸುವ ಬಳುಕಿನಿಂದ, ಒಂದು ನೆಲೆಯಲ್ಲಿ ನಿಲ್ಲದೆ ಚಲಿಸುತ್ತದೆ. ಅದನ್ನು ಕಿವಿಯೇ ಕಲಿಯಬೇಕು.

ಪುರಂದರದಾಸರ ಹೆಸರಿನಲ್ಲಿ ಪರಂಪರೆ ಉಳಿಸಿಕೊಂಡು ಬಂದ ಪಾಠಕ್ರಮಕ್ಕೆ ಈ ಅರಿವಿತ್ತು. ಸರಳೆ, ಜಂಟಿ, ಅಲಂಕಾರಗಳೆಂಬ ಮೊದಲ ಸ್ವರಾಭ್ಯಾಸಗಳನ್ನು ಮಾಯಾಮಾಳವಗೌಳದಲ್ಲಿ ಆರಂಭಿಸುವುದಕ್ಕೆ ಹೇಳುವ ಒಂದು ಕಾರಣವೆಂದರೆ ಆ ರಾಗದ ಪೂರ್ವಾಂಗ ಮತ್ತು ಉತ್ತರಾಂಗಗಳಲ್ಲಿ, ಅಂದರೆ ಕೆಳಗಿನ ಮತ್ತು ಮೇಲಿನ ಅರ್ಧಗಳಲ್ಲಿ, ಸ್ವರಗಳ ಅಂತರ ಒಂದೇ ಬಗೆಯದಾಗಿದ್ದು, ಮಗುವಿನ ಕಿವಿ ಕೆಳಗೆ ಕಲಿತದ್ದನ್ನು ಮೇಲೆ ತಾನೇ ಗುರುತಿಸುತ್ತದೆ. ಜೂನಿಯರ್, ಸೀನಿಯರ್, ವಿದ್ವತ್ ಎಂದು ಸಾಗುವ ಪರೀಕ್ಷಾಪದ್ಧತಿ ಈ ಪಾಠಗಳನ್ನು ಉಳಿಸಿಕೊಂಡಿದ್ದರೂ ಒತ್ತನ್ನು ಹಾಡಿ ತೋರಿಸುವುದಕ್ಕೂ ಲಕ್ಷಣ ಬರೆಯುವುದಕ್ಕೂ ಬದಲಿಸಿತು. ಆದ್ದರಿಂದ ಪರೀಕ್ಷೆ ಮುಗಿಸಿದ ಮೇಲೆ ಹಾಡು ಬಿಟ್ಟ ಬಹುಸಂಖ್ಯಾತರು ಕಛೇರಿಗೂ ಬಾರದಿದ್ದರೆ ಆಶ್ಚರ್ಯವಿಲ್ಲ. ಕೇಳುವುದನ್ನು ಅವರಿಗೆ ಒಂದು ಸಾಧನೆಯಾಗಿ ಯಾರೂ ಕಲಿಸಿರುವುದಿಲ್ಲ.

ಪಠ್ಯಕ್ರಮದ ಹೊರಗೆ ಉಳಿದ ಸಂಗೀತದ ಗತಿ ಇನ್ನೂ ಗಂಭೀರ. ಮಲೆ ಮಹದೇಶ್ವರನ ದೇವರಗುಡ್ಡರ, ಮಂಟೇಸ್ವಾಮಿ ಪರಂಪರೆಯ ನೀಲಗಾರರ ಹಾಡಿಕೆಯಲ್ಲಿ ಕಲಿಯುವವನು ವರ್ಷಗಟ್ಟಲೆ ಹಿಮ್ಮೇಳದಲ್ಲಿ ಸೊಲ್ಲು ಸೇರಿಸುತ್ತಲೇ ಕಥೆಯನ್ನೂ ಮಟ್ಟನ್ನೂ ಮೈಗೂಡಿಸಿಕೊಳ್ಳುತ್ತಾನೆ. ಎದುರಿಗೆ ಕೂತ ಒಕ್ಕಲಿಗೂ ಕಥೆ ಮೊದಲೇ ಗೊತ್ತು. ಇದನ್ನು ಶಿಕ್ಷಣವೆಂದು ಯಾವ ಮಂಡಳಿಯೂ ಕರೆದಿರಲಿಲ್ಲ. ಈಗ ಶಾಲಾ ವಾರ್ಷಿಕೋತ್ಸವ, ಯುವಜನೋತ್ಸವಗಳಲ್ಲಿ ಕೆಲವೇ ನಿಮಿಷಗಳ ಅವಧಿಗೆ ಹೊಂದುವ, ದೇವರಗುಡ್ಡರ ಬೀಸು ಕಂಸಾಳೆಯನ್ನು, ಅಂದರೆ ತಾಳವನ್ನು ಬೀಸುತ್ತ ಕುಣಿಯುವ ಭಾಗವನ್ನು, ಮಕ್ಕಳು ಹುರುಪಿನಿಂದ ಕಲಿಯುತ್ತಿದ್ದಾರೆ. ಅದು ಸಂತೋಷದ ಸಂಗತಿಯೇ. ಆದರೆ ಬೆಳಗಿನವರೆಗೆ ಕೂತು ಹಾಡುವ ಕಥನಭಾಗವನ್ನು ಕಲಿಸಲು ವೇದಿಕೆಯಲ್ಲಿ ಹೊತ್ತಿಲ್ಲ, ಅಷ್ಟು ಹೊತ್ತು ಕೂತು ಸೊಲ್ಲಿಗೆ ದನಿಗೂಡಿಸುವ ಕೇಳುಗರನ್ನು ರೂಪಿಸುವ ಯೋಜನೆಯೂ ಪಠ್ಯದಲ್ಲಿ ಕಾಣುವುದಿಲ್ಲ.