ಪೆಟ್ಟಿಗೆ ಬಂದಿತು, ಒಳಗಿನ ವಸ್ತುವೆಲ್ಲಿ?

2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಬ್ಬಿಣದ ಗಣಿಯೊಂದರಿಂದ 1,400 ಕಿಲೋಮೀಟರ್ ದೂರದ ಪರ್ತ್ ನಗರಕ್ಕೆ, ದುರಸ್ತಿಗಾಗಿ, ಅದಿರಿನ ಸಾಂದ್ರತೆಯನ್ನು ಅಳೆಯುವ ಉಪಕರಣವೊಂದನ್ನು ಲಾರಿಯಲ್ಲಿ ಕಳುಹಿಸಿದರು. ದಾರಿಯ ಕುಲುಕಾಟಕ್ಕೆ ಬೋಲ್ಟೊಂದು ಕಳಚಿ, ಅದರ ರಂಧ್ರದಿಂದಲೇ ವಿಕಿರಣಪಟು ಸೀಸಿಯಮ್-137ರ ಗುಳಿಗೆಯು ಜಾರಿಬಿದ್ದಿತೆಂದು ಅಧಿಕಾರಿಗಳ ಊಹೆ. ಎತ್ತರ 8 ಮಿಲಿಮೀಟರ್, ವ್ಯಾಸ 6; ಕಡಲೆಕಾಳಿನಷ್ಟು. ಅರಿಯದೆ ಜೇಬಿಗೆ ಹಾಕಿಕೊಂಡವನ ಚರ್ಮವನ್ನು ಸುಡಬಲ್ಲುದು. ಮೂವತ್ತು ವರ್ಷ ಕಳೆದರೂ ಅದರ ಶಕ್ತಿ ಅರ್ಧದಷ್ಟು ಉಳಿದಿರುತ್ತದೆ.

ಪೆಟ್ಟಿಗೆಯು ಪರ್ತ್ ಸೇರಿದ್ದು 16ರಂದು, ತೆರೆದದ್ದು 25ರಂದು! ನಮ್ಮನ್ನು ಕಾಡುವುದು ಈ ಒಂಬತ್ತು ದಿನಗಳೇ. ಅಂದು ಅಲ್ಲಿನ ಕಾನೂನಿನ ಗರಿಷ್ಠ ದಂಡ ಕೇವಲ 1,000 ಡಾಲರ್ ಎಂದು ಹಲವರು ಸಿಡಿಮಿಡಿಗೊಂಡರು. ದಂಡವನ್ನು ಏರಿಸಲಿ, ಬೇಡವೆನ್ನೆವು. ಆದರೆ ಫೆಬ್ರವರಿ 1ರಂದು ಗುಳಿಗೆ ಸಿಕ್ಕಿದ ಬಗೆಯನ್ನು ಓದುಗರು ಗಮನಿಸಬೇಕು: ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದ ವಾಹನದ ಶೋಧಕಯಂತ್ರವು ರಸ್ತೆಯಂಚಿನಲ್ಲಿ ಬಿದ್ದಿದ್ದ ಅದನ್ನು ಗುರುತಿಸಿತು. ತನ್ನ ಇರವನ್ನು ಇಷ್ಟು ಗಟ್ಟಿಯಾಗಿ ಸಾರುವ ವಸ್ತುವಿದು. ಪೆಟ್ಟಿಗೆ ಬಂದ ದಿನವೇ ಅದರ ಬಳಿ ಗೈಗರ್ ಕೌಂಟರನ್ನು ಹಿಡಿದಿದ್ದರೆ, ಯಂತ್ರದ ಮೌನವೇ ಸುದ್ದಿ ಹೇಳುತ್ತಿತ್ತು. ಹೊರಡುವಾಗಲೊಮ್ಮೆ, ತಲುಪಿದೊಡನೆಯೊಮ್ಮೆ ವಿಕಿರಣವನ್ನು ಅಳೆದು, ಎರಡು ಅಂಕಗಳನ್ನೂ ಸರಕಿನ ಚೀಟಿಯಲ್ಲಿ ಬರೆಯುವುದು ಎಲ್ಲೆಡೆ ಕಡ್ಡಾಯವಾಗಬೇಕೆಂಬುದು ನಮ್ಮ ಮತ.