ನನ್ನಪ್ಪ ಹನ್ನೊಂದನೆಯ ಅಡ್ಡಿ

ನಿಮ್ಮ ಬೀರುವಿನ ಡ್ರಾಯರ್ ಎಳೆದು ನೋಡಿ ಸ್ವಾಮಿ. ಬ್ಯಾಟರಿ ಊದಿಕೊಂಡ ಒಂದು ಮೊಬೈಲು, ಗಾಜು ಸೀಳಿದ ಇನ್ನೊಂದು, ಯಾವುದರದ್ದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದ ಒಂದಷ್ಟು ಚಾರ್ಜರು. ಕೊಂಡಾಗ ಡಬ್ಬಿಯ ಮೇಲೆ ಕಸದ ಬುಟ್ಟಿಯ ಚಿತ್ರವಿತ್ತು, ಅದರ ಮೇಲೆ ಕಾಟು ಹೊಡೆದಿತ್ತು. ಇದನ್ನು ಕಸಕ್ಕೆ ಎಸೆಯಬೇಡಿ, ವಾಪಸ್ ಕೊಡಿ ಎಂಬ ಸೂಚನೆ ಅದು. ಕೊಟ್ಟಿರಾ? ಇಲ್ಲ. ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೊ ಹಾಕಿದಿರಿ. ಆ ಫೋಟೊ ತೆಗೆದದ್ದು ಹೊಸ ಫೋನಿನಲ್ಲಿ.

ನೀವು ಯಾಕೆ ಕೊಡಲಿಲ್ಲ, ಕಂಪನಿ ಯಾಕೆ ಬಂದು ಕೇಳಲಿಲ್ಲ? ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಒಂದು ವಿದ್ವತ್ ಲೋಕವೇ ಅನ್ನ ಉಣ್ಣುತ್ತಿದೆ. ಅಡ್ಡಿಗಳ ಪಟ್ಟಿ ಮಾಡುತ್ತಾರೆ. ಅಡ್ಡಿಗಳಿಗೆ ಅಂಕ ಕೊಡುತ್ತಾರೆ. ಯಾವ ಅಡ್ಡಿಯ ತೂಕ ಎಷ್ಟೆಂದು ದಶಮಾಂಶ ಬಿಂದುವಿನ ಆಚೆ ಮೂರು ಸ್ಥಾನದ ತನಕ ಹೇಳುತ್ತಾರೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಈ ಭೂಮಿ 6.2 ಕೋಟಿ ಟನ್ ಇ-ತ್ಯಾಜ್ಯ ಹೆತ್ತಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಮಿಕ್ಕದ್ದಕ್ಕೆ ದಾಖಲೆ ಇಲ್ಲ.

ದಾಖಲೆ ನನ್ನಲ್ಲಿದೆ. ಆ ಮಿಕ್ಕದ್ದರಲ್ಲೊಂದಿಷ್ಟು ನಮ್ಮ ಮನೆಗೆ ಬಂತು.

ನಾನು ಗುಜರಿಯವನ ಮಗಳು. ಬೆಂಗಳೂರಿನ ಮೈಸೂರು ರಸ್ತೆಯ ಆಚೀಚೆ, ಗೌರಿಪಾಳ್ಯದಿಂದ ನಾಯಂಡಹಳ್ಳಿಯ ತನಕ, ನೀವು ಕಾರಿನ ಗಾಜು ಏರಿಸಿಕೊಂಡು ದಾಟುವ ಜಾಗಗಳಿವೆಯಲ್ಲ, ಅಲ್ಲಿ ಬೆಳೆದವಳು. ಅಪ್ಪ ತಳ್ಳುಗಾಡಿಯಲ್ಲಿ ಬಡಾವಣೆ ಸುತ್ತಿ ತಂದ ಡಬ್ಬಾ ಟೀವಿಯ ಪಿಕ್ಚರ್ ಟ್ಯೂಬನ್ನು ಅವ್ವ ಸುತ್ತಿಗೆಯಲ್ಲಿ ಒಡೆದು, ಕತ್ತಿನಲ್ಲಿ ಸುತ್ತಿದ್ದ ತಾಮ್ರದ ಸುರುಳಿ ಕಿತ್ತುಕೊಳ್ಳುತ್ತಿದ್ದಳು. ಆ ಗಾಜಿನಲ್ಲಿ ಸೀಸವಿತ್ತು. ಬೋರ್ಡನ್ನು ಒಲೆಯ ಮೇಲೆ ಕಾಯಿಸಿ ಚಿಪ್ಪು ಬಿಡಿಸುತ್ತಿದ್ದಳು. ಬೆಸುಗೆಯಲ್ಲೂ ಸೀಸವಿತ್ತು. ಕತ್ತಲಾದ ಮೇಲೆ ವೃಷಭಾವತಿಯ ದಂಡೆಗೆ ಹೋಗಿ ವೈರು ಸುಡುತ್ತಿದ್ದೆವು. ಪ್ಲಾಸ್ಟಿಕ್ ಉರಿದು ತಾಮ್ರ ಉಳಿಯುತ್ತಿತ್ತು, ಹೊಗೆ ನಮ್ಮೊಳಗೆ ಉಳಿಯುತ್ತಿತ್ತು. ಆ ವಾಸನೆ ಕೂದಲಿಗೆ ಹತ್ತಿದರೆ ಸೀಗೆಕಾಯಿಗೂ ಬಗ್ಗುವುದಿಲ್ಲ. ಶಾಲೆಯಲ್ಲಿ ಟೀಚರ್ ನನ್ನನ್ನು ಕಿಟಕಿ ಪಕ್ಕ ಕೂರಿಸಿದರು. ಗಾಳಿ ಆಡಲಿ ಅಂತ. ನನಗಲ್ಲ, ಉಳಿದ ಮಕ್ಕಳಿಗೆ.

ಅವ್ವನ ಬೆರಳ ತುದಿಯಲ್ಲಿ ಈಗ ಗೆರೆಗಳಿಲ್ಲ. ಲೋಹ ಬಿಡಿಸಲು ಬೋರ್ಡು ಅದ್ದುತ್ತಿದ್ದ ಆಸಿಡ್ಡು ತಿಂದುಹಾಕಿದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಿಷನ್ನು ಒಪ್ಪುವುದಿಲ್ಲ. ಇನ್ನೊಂದು ಸಲ ಒತ್ತಮ್ಮ, ಒರೆಸಿ ಒತ್ತಮ್ಮ ಅನ್ನುತ್ತಾರೆ.

ನಿಮ್ಮ ಮಿಷನ್ನುಗಳನ್ನು ಬಿಚ್ಚಿ ಬಿಚ್ಚಿ ಸವೆದ ಬೆರಳನ್ನು ನಿಮ್ಮ ಮಿಷನ್ನೇ ಗುರುತು ಹಿಡಿಯುವುದಿಲ್ಲ.

ಈ ಹೊಗೆಯ ದುಡ್ಡಿನಲ್ಲೇ ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ಅದರ ಬಲದ ಮೇಲೆ ಒಂದು ಅಧ್ಯಯನಕ್ಕೆ ದಿನಗೂಲಿ ಸಹಾಯಕಿಯಾಗಿ ಸೇರಿಕೊಂಡೆ. ಯಾರ ಅಧ್ಯಯನ, ಯಾರ ದುಡ್ಡು ಎಂಬುದು ಬೇಡ. ಇಂಥವು ಎಲ್ಲೆಡೆ ನಡೆಯುತ್ತವೆ, ಒಂದರ ಹೆಸರು ಹೇಳಿದರೆ ಉಳಿದವು ಪಾರಾಗುತ್ತವೆ. ವಿಷಯ ಇದು: ಇ-ತ್ಯಾಜ್ಯ ವಾಪಸಾತಿಗೆ ಇರುವ ಅಡ್ಡಿಗಳಲ್ಲಿ ಯಾವುದನ್ನು ಮೊದಲು ಕೀಳಬೇಕು? ಪಟ್ಟಿ ನನ್ನ ಕೈಗೆ ಬಂತು. ಗ್ರಾಹಕರಲ್ಲಿ ಅರಿವಿನ ಕೊರತೆ, ಸಂಗ್ರಹಕ್ಕೆ ಜಾಗದ ಕೊರತೆ, ಬೆಲೆಯ ಅನಿಶ್ಚಿತತೆ, ನಿಯಮ ಜಾರಿಯ ಕೊರತೆ, ತಂತ್ರಜ್ಞಾನದ ವೆಚ್ಚ... ಹೀಗೆ ಇಳಿಯುತ್ತ ಇಳಿಯುತ್ತ ಕೊನೆಗೆ ಹನ್ನೊಂದು: ಅನೌಪಚಾರಿಕ ವಲಯ.

ಅನೌಪಚಾರಿಕ ವಲಯ ಅಂದರೆ ನನ್ನಪ್ಪ. ಇನ್ನೂ ಬಿಡಿಸಿ ಹೇಳಬೇಕೆ? ಗುಜರಿ ಗಾಡಿ ತಳ್ಳುವ ದಲಿತರು, ಗೋಡೌನಿನಲ್ಲಿ ಬೋರ್ಡು ಬಿಚ್ಚುವ ಬಡ ಮುಸಲ್ಮಾನರು, ಅವರ ಹೆಂಗಸರು ಮಕ್ಕಳು. ಜಾತಿಯ ಹೆಸರು ಬರೆದರೆ ಪ್ರಬಂಧ ಮೈಲಿಗೆಯಾಗುತ್ತದೆ. ವಲಯ ಅಂದರೆ ಮಡಿ.

ಈ ಗಣಿತ ಹೇಗೆ ನಡೆಯುತ್ತದೆಂದು ಕೇಳಿ. ಎಎಚ್‌ಪಿ ಎಂಬುದೊಂದು ವಿಧಾನ. ಅಮೆರಿಕದ ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ್ದು. ಅಡ್ಡಿಗಳನ್ನು ಎರಡೆರಡಾಗಿ ಎದುರುಬದುರು ನಿಲ್ಲಿಸಬೇಕು, ಇದಕ್ಕಿಂತ ಅದು ಎಷ್ಟು ಪಟ್ಟು ಮುಖ್ಯವೆಂದು 1ರಿಂದ 9ರೊಳಗೆ ಅಂಕ ಕೊಡಬೇಕು. 11 ಅಡ್ಡಿಗಳಿಗೆ 55 ಜೋಡಿ. ಅಂಕ ಕೊಡುವವರು ತಜ್ಞರು. ಕಂಪನಿಯವರು, ಮಾಲಿನ್ಯ ನಿಯಂತ್ರಣ ಮಂಡಳಿಯವರು, ಪ್ರೊಫೆಸರುಗಳು, ಪರವಾನಗಿ ಇರುವ ಘಟಕದ ಮಾಲೀಕರು. ಕಾರ್ಯಾಗಾರ ದೊಡ್ಡ ಹೋಟೆಲಿನಲ್ಲಿ. ತಳಮಟ್ಟದ ದನಿಯೂ ಒಂದಿರಲಿ ಎಂದು ಯಾರಿಗೋ ಹೊಳೆಯಿತು. ನಿಮ್ಮ ತಂದೆಯವರನ್ನೇ ಕರಕೊಂಡು ಬನ್ನಿ ಮೇಡಂ ಅಂದರು.

ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದ. ಬಾಗಿಲಲ್ಲಿ ಸೆಕ್ಯುರಿಟಿಯವನು ತಡೆದ, ಸಾಮಾನು ತಗೊಳ್ಳೋದು ಹಿಂದಿನ ಗೇಟಲ್ಲಿ ಎಂದ. ನಾನು ಹೋಗಿ ಒಳಗೆ ಕರಕೊಂಡು ಬಂದೆ. ಎಲ್ಲರೂ ಅವನ ಜೊತೆ ಫೋಟೊ ತೆಗೆಸಿಕೊಂಡರು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿತ್ತು, ನಾನು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದೆ. ಗ್ರಾಹಕರಿಗೆ ಅರಿವಿಲ್ಲದಿರುವುದಕ್ಕಿಂತ ಅನೌಪಚಾರಿಕ ವಲಯ ಎಷ್ಟು ದೊಡ್ಡ ಅಡ್ಡಿ, ಒಂದರಿಂದ ಒಂಬತ್ತು? ಅಪ್ಪ ನನ್ನ ಮುಖ ನೋಡಿದ.

"ಮಗಾ, ನಾನೆಷ್ಟು ಅಡ್ಡ ಅಂತ ನನ್ನೇ ಕೇಳ್ತಾವ್ರಾ?"

ನಿಯಮ ಜಾರಿಯ ಕೊರತೆ ಅಂದಾಗ ಅವನಿಗೆ ನಗು ಬಂತು. ಪೊಲೀಸರಿಗೇನೂ ಕೊರತೆಯಿಲ್ಲ ಕಣಮ್ಮ, ಯಾರ ಮನೇಲಿ ಲ್ಯಾಪ್‌ಟಾಪ್ ಕಳುವಾದ್ರೂ ಮೊದಲು ನಮ್ಮ ಗೋಡೌನಿಗೇ ಬತ್ತಾರೆ ಎಂದ. ಆಮೇಲೆ ಸಾವಧಾನವಾಗಿ ಉತ್ತರ ಹೇಳಿದ. ಪೊಲೀಸಿಗಿಂತ ರೇಟು ದೊಡ್ಡದು: ತಾಮ್ರದ ರೇಟು ಬಿದ್ದ ದಿನ ಅವರ ಕೈಗೆ ಕೊಡೋಕೂ ಕಾಸಿರೋದಿಲ್ಲ. ರೇಟಿಗಿಂತ ಜಾಗ ದೊಡ್ಡದು: ಜಾಗ ಇದ್ದಿದ್ದರೆ ರೇಟು ಏರುವ ತನಕ ಮಾಲು ಇಟ್ಟುಕೊಂಡು ಕೂರಬಹುದಿತ್ತು. ಜಾಗಕ್ಕಿಂತ ಪೊಲೀಸು ದೊಡ್ಡದು: ಒಂದು ಸಲ ಜೀಪು ಬಂದು ನಿಂತರೆ ಸಾಕು, ಗೋಡೌನಿನ ಓನರು ಖಾಲಿ ಮಾಡು ಅಂತಾನೆ.

ಸಂಜೆ ಲೆಕ್ಕ ಹಾಕಿದರು. ಸಾಟಿಯ ವಿಧಾನದಲ್ಲಿ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ ನೋಡುವ ಒಂದು ಅನುಪಾತವಿದೆ, 0.10 ದಾಟಿದರೆ ಉತ್ತರ ಅಸಂಗತ. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದು, ಎರಡನೆಯದು ಮೂರನೆಯದಕ್ಕಿಂತ ದೊಡ್ಡದು ಎಂದಮೇಲೆ ಮೂರನೆಯದು ಮೊದಲನೆಯದಕ್ಕಿಂತ ದೊಡ್ಡದಾಗುವಂತಿಲ್ಲ. ಅಪ್ಪನ ಹಾಳೆ ದಾಟಿತ್ತು. ಅಸಂಗತ ಉತ್ತರ ಬಂದರೆ ಮತ್ತೆ ಕೇಳಿ ಸರಿಪಡಿಸಿಕೊಳ್ಳಿ ಎಂದು ವಿಧಾನವೇ ಹೇಳುತ್ತದೆ. ಯಾರೂ ಕೇಳಲಿಲ್ಲ. ತೆಗೆದುಹಾಕಿದರು. ಫೋಟೊ ಮಾತ್ರ ಉಳಿಸಿಕೊಂಡರು.

ಅಯ್ಯಾ ತಜ್ಞರೇ, ಅದು ತಪ್ಪು ಲೆಕ್ಕವಲ್ಲ. ಪೊಲೀಸು, ರೇಟು, ಜಾಗ: ಗಾಣದೆತ್ತಿನ ಹಾಗೆ ಅಪ್ಪ ನಲವತ್ತು ವರ್ಷ ಸುತ್ತಿದ ಸುತ್ತು ಅದೇ. ಇಡೀ ಹಾಲಿನಲ್ಲಿ ನಿಜ ಬರೆದದ್ದು ಆ ಒಂದು ಹಾಳೆ. ಇಂಥ ಸುತ್ತುಗಳನ್ನು ಹಿಡಿಯಲಿಕ್ಕೆಂದೇ ಬೇರೆ ವಿಧಾನವಿದೆ ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ. 1970ರ ದಶಕದಲ್ಲಿ ಜಿನೀವಾದ ಬ್ಯಾಟೆಲ್ ಸಂಸ್ಥೆಯಲ್ಲಿ ಹುಟ್ಟಿದ ಡೆಮಟೆಲ್ ಮಾಡುವುದೇ ಅದನ್ನು. ಯಾವುದು ಯಾವುದನ್ನು ಎಷ್ಟು ತಳ್ಳುತ್ತದೆಂದು 0ಯಿಂದ 4ರ ತನಕ ಅಂಕ ಕೊಡಿಸಿ, ಯಾವುದು ಕಾರಣ ಯಾವುದು ಪರಿಣಾಮ ಎಂದು ಬೇರ್ಪಡಿಸುತ್ತದೆ. ಗಣಿತದ ಮೇಲೆ ನನಗೆ ಸಿಟ್ಟಿಲ್ಲ. ಗಣಿತ ನನಗೆ ಅನ್ನ ಕೊಟ್ಟಿದೆ. ಗಣಿತ ತನ್ನ ಎದುರು ಕೂತವರನ್ನು ಮಾತ್ರ ಕೇಳುತ್ತದೆ, ಕುರ್ಚಿ ಹಾಕುವವರು ನೀವು. ಅಡ್ಡಗಾಲು ಹಾಕಿದವನನ್ನೇ ಕೂರಿಸಿ ಅಡ್ಡಿ ಯಾವುದಪ್ಪ ಅಂತ ಕೇಳಿದರೆ ಅವನು ಎದುರಿಗಿಲ್ಲದವನ ಕಡೆ ಬೆರಳು ತೋರಿಸುತ್ತಾನೆ. ಆ ಬೆರಳಿಗೆ ನೀವು ದಶಮಾಂಶ ಬಿಂದು ಹಚ್ಚುತ್ತೀರಿ.

ಈಗ ವಾಪಸಾತಿಯ ಮಾತು. ಕಂಪನಿಯ ಯೋಜನೆ ಹೀಗಿದೆ: ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ, ಒಂದನ್ನು ಒತ್ತಿ, ಎರಡನ್ನು ಒತ್ತಿ, ನಿಮ್ಮ ಪಿನ್‌ಕೋಡಿಗೆ ಸೇವೆ ಸದ್ಯಕ್ಕಿಲ್ಲ. ಅಪ್ಪನ ಯೋಜನೆ ಹೀಗಿದೆ: ಭಾನುವಾರ ಬೆಳಿಗ್ಗೆ ನಿಮ್ಮ ಬಾಗಿಲಿಗೆ ಬರುತ್ತಾನೆ, ಮೂರನೇ ಮಹಡಿ ಹತ್ತುತ್ತಾನೆ, ಕೆಟ್ಟ ಫ್ರಿಜ್ಜನ್ನು ಹೆಗಲ ಮೇಲೆ ಹೊತ್ತು ಇಳಿಸುತ್ತಾನೆ, ನಿಮ್ಮ ಕೈಗೆ ದುಡ್ಡು ಎಣಿಸುತ್ತಾನೆ. ಐವತ್ತು ರೂಪಾಯಿಗೆ ನೀವು ಅವನ ಜೊತೆ ಜಗ್ಗಾಡುತ್ತೀರಿ. ತಕ್ಕಡಿಯಲ್ಲಿ ಮೋಸ ಮಾಡ್ತೀಯ ಅನ್ನುತ್ತೀರಿ. ಇದನ್ನೇ ರಿವರ್ಸ್ ಲಾಜಿಸ್ಟಿಕ್ಸ್ ಎಂದು ಕರೆದು ನಿಮ್ಮ ಮಕ್ಕಳಿಗೆ ಎಂಬಿಎ ಪದವಿ ಕೊಡುತ್ತೀರಿ. ಅಪ್ಪನಿಗೆ ಲಿಫ್ಟು ಕೂಡ ಕೊಡುವುದಿಲ್ಲ.

ನನ್ನಪ್ಪನನ್ನು ಸಂತ ಮಾಡುತ್ತಿಲ್ಲ. ನಾವು ಸುಟ್ಟ ವೈರಿನ ಡಯಾಕ್ಸಿನ್ ಕೇರಿಯ ಮಕ್ಕಳ ಪುಪ್ಪುಸಕ್ಕೂ ಹೋಗಿದೆ. ನಾವು ಚೆಲ್ಲಿದ ಆಸಿಡ್ಡು ವೃಷಭಾವತಿಗೂ ಹರಿದಿದೆ. ಆದರೆ ವಿಷ ಅಪ್ಪ ತಯಾರಿಸಿದ್ದಲ್ಲ. ಟೀವಿಯೊಳಗೆ ಸೀಸ ಇಟ್ಟವರು, ಟ್ಯೂಬ್‌ಲೈಟಿನೊಳಗೆ ಪಾದರಸ ತುಂಬಿದವರು ಕಾರ್ಯಾಗಾರದ ಮೊದಲ ಸಾಲಿನಲ್ಲಿ ಕೂತು ಗೋಡಂಬಿ ತಿನ್ನುತ್ತಿದ್ದರು.

ಕಾನೂನು ಇಲ್ಲವೇ? ಧಾರಾಳವಾಗಿದೆ. 2011ರಲ್ಲಿ ಮೊದಲ ನಿಯಮ ಬಂತು, 2012ರ ಮೇ 1ರಿಂದ ಜಾರಿ. ಮಾಡಿದ ಮಾಲಿನ ಕೊನೆಯ ಹೊಣೆಯೂ ಮಾಡಿದವನದೇ ಎಂದಿತು. 2016ರಲ್ಲಿ ಎರಡನೆಯದು, ಮಾರುವಾಗಲೇ ಠೇವಣಿ ಹಿಡಿದುಕೊಂಡು ಹಳೆಯದನ್ನು ತಂದಾಗ ಬಡ್ಡಿ ಸಮೇತ ವಾಪಸ್ ಕೊಡುವ ದಾರಿಯೂ ಅದರಲ್ಲಿತ್ತು. ಆದರೆ ಕಡ್ಡಾಯವಲ್ಲ, ಕಂಪನಿಯ ಇಷ್ಟ. ಕಂಪನಿಯ ಇಷ್ಟ ಯಾವುದೆಂದು ಹೇಳಬೇಕೆ? ನಿಮ್ಮಲ್ಲಿ ಯಾರಿಗಾದರೂ ಟೀವಿಯ ಠೇವಣಿ ವಾಪಸ್ ಬಂದಿದ್ದರೆ ಕೈ ಎತ್ತಿ. 2022ರ ನವೆಂಬರಿನಲ್ಲಿ ಮೂರನೆಯದು ಬಂತು, 2023ರ ಏಪ್ರಿಲ್ 1ರಿಂದ ಜಾರಿ. ನೋಂದಣಿ ನಾಲ್ಕೇ ಜನಕ್ಕೆ: ತಯಾರಕ, ಉತ್ಪಾದಕ, ದುರಸ್ತಿದಾರ, ಮರುಬಳಕೆದಾರ. ಮನೆಮನೆಯಿಂದ ಹೊತ್ತು ತರುವವನಿಗೆ ಅಲ್ಲಿ ಕಲಮೇ ಇಲ್ಲ. ಇ-ತ್ಯಾಜ್ಯ ತಾನೇ ಕಾಲು ಮೂಡಿಸಿಕೊಂಡು ಕಾರ್ಖಾನೆಗೆ ನಡೆದು ಹೋಗಬೇಕು.

ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ, ಯಾವ ತಜ್ಞನೂ ಅದನ್ನು ಪಟ್ಟಿಗೆ ಹಾಕುವುದಿಲ್ಲ. ಬಿಚ್ಚುವ, ಮರುಬಳಕೆ ಮಾಡುವ ಕೆಲಸಕ್ಕೆ ರಾಜ್ಯದ ಕೈಗಾರಿಕಾ ಇಲಾಖೆ ಜಾಗ ಮೀಸಲಿಡಬೇಕು. ಕೆಲಸಗಾರರನ್ನು ಕಾರ್ಮಿಕ ಇಲಾಖೆ ಗುರುತಿಸಿ ನೋಂದಾಯಿಸಬೇಕು, ಸಂಘ ಕಟ್ಟಿಕೊಳ್ಳಲು ನೆರವಾಗಬೇಕು, ತರಬೇತಿ ಕೊಡಬೇಕು, ಅವರ ಆರೋಗ್ಯ, ಸುರಕ್ಷತೆ ನೋಡಿಕೊಳ್ಳಬೇಕು. 2016ರಲ್ಲೂ ಬರೆದರು, 2022ರಲ್ಲೂ ಬರೆದರು. ನಮ್ಮ ಗೋಡೌನಿಗೆ ಪೊಲೀಸು ಬಂದಿದೆ, ವಿದೇಶಿ ಕ್ಯಾಮೆರಾದವರು ಬಂದಿದ್ದಾರೆ, ಪಿಎಚ್.ಡಿ. ಮಾಡುವ ಹುಡುಗರು ಬಂದಿದ್ದಾರೆ.

ಕಾರ್ಮಿಕ ಇಲಾಖೆಗೆ ದಾರಿ ತಪ್ಪಿರಬೇಕು.

ಈಗ ಸರ್ಟಿಫಿಕೇಟಿನ ಕಾಲ. ಇಷ್ಟು ಮಾಲು ಮರುಬಳಕೆಯಾಯಿತೆಂದು ಘಟಕ ಸರ್ಟಿಫಿಕೇಟು ಹುಟ್ಟಿಸುತ್ತದೆ, ಕಂಪನಿ ಕೊಂಡುಕೊಳ್ಳುತ್ತದೆ, ಗುರಿ ಮುಟ್ಟಿತೆಂದು ಪೋರ್ಟಲ್ಲಿಗೆ ಏರಿಸುತ್ತದೆ. ಅದರ ಲೆಕ್ಕ ನಾಲ್ಕು ಲೋಹಗಳ ಮೇಲೆ: ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ. ಬೆಲೆ ಬಾಳುವ ನಾಲ್ಕು. ಅವ್ವನ ರಕ್ತಕ್ಕೆ ಹೋದ ಸೀಸಕ್ಕೆ ಸರ್ಟಿಫಿಕೇಟಿಲ್ಲ. ಇಂಥ ಕಾಗದದ ವ್ಯಾಪಾರ ಹೇಗೆ ನಡೆಯುತ್ತದೆಂದು ತಿಳಿಯಬೇಕಾದರೆ ಪ್ಲಾಸ್ಟಿಕ್ಕಿನ ಕತೆ ನೋಡಿ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬೆರಳೆಣಿಕೆಯ ಘಟಕಗಳನ್ನು ತಪಾಸಣೆ ಮಾಡಿದಾಗ ಸಿಕ್ಕಿದ ನಕಲಿ ಸರ್ಟಿಫಿಕೇಟುಗಳು ಸುಮಾರು 6 ಲಕ್ಷ. ಅವೆಲ್ಲ ಪರವಾನಗಿ ಇದ್ದ ಘಟಕಗಳು, ಔಪಚಾರಿಕ ವಲಯ. ಅವರನ್ನು ಯಾರೂ ಅಡ್ಡಿ ಎಂದು ಬರೆಯುವುದಿಲ್ಲ.

ಇ-ತ್ಯಾಜ್ಯಕ್ಕೆ ಕಂಪನಿ ಮರುಬಳಕೆ ಘಟಕಕ್ಕೆ ಕೊಡಬೇಕಾದ ಕನಿಷ್ಠ ದರವನ್ನು ಸರ್ಕಾರ ಕಟ್ಟಿತು: ಟೀವಿ, ಫ್ರಿಜ್ಜಿನಂಥ ಮಾಲಿಗೆ ಕೆ.ಜಿ.ಗೆ 22 ರೂಪಾಯಿ. ಎಲ್‌ಜಿ, ಸ್ಯಾಮ್‌ಸಂಗ್, ಡೈಕಿನ್ ಕಂಪನಿಗಳು 2025ರಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ದರ ಹೆಚ್ಚಾಯಿತಂತೆ. ಲಕ್ಷದ ಟೀವಿ ಮಾರಿದವರಿಗೆ ಅದರ ಹೆಣ ಎತ್ತಲು ಕೆ.ಜಿ.ಗೆ 22 ರೂಪಾಯಿ ಭಾರ. ಅಡ್ಡಿ ಯಾವುದು ಎಂದು ತಿಳಿಯಲು ಇನ್ನೂ ಕೋಷ್ಟಕ ಬೇಕೆ?

ಪರಿಹಾರವೇನು, ಬರೀ ಬಯ್ಯುತ್ತೀರಲ್ಲ ಅನ್ನುವವರು ಬರೆದುಕೊಳ್ಳಿ. ಆ 22 ರೂಪಾಯಿಯಲ್ಲಿ ಹೊತ್ತು ತಂದವನ ಪಾಲು ಇಷ್ಟೆಂದು ನಿಯಮದಲ್ಲೇ ಬರೆಯಿರಿ, ತೂಕದ ಚೀಟಿ ತೋರಿಸಿದವನಿಗೆ ಅಂದೇ ಕೊಡಿ. ಬೋರ್ಡನ್ನು ಸುಡುವುದಕ್ಕಿಂತ ಸುಡದೆ ಮಾರಿದರೆ ಹೆಚ್ಚು ಸಿಗುವ ದಿನ ವೃಷಭಾವತಿಯ ದಂಡೆಯ ಬೆಂಕಿ ತಾನಾಗಿ ಆರುತ್ತದೆ; ಹೊಗೆ ಕುಡಿಯುವ ಆಸೆ ನಮಗೇನೂ ಇಲ್ಲ. ನಿಯಮ ಕೊಟ್ಟ ಜಾಗ ಕೊಡಿ. ನೋಂದಣಿ ಮಾಡಿ, ಗುರುತಿನ ಚೀಟಿ ಕೊಡಿ. ಆಮೇಲೆ ಬರುವ ಪೊಲೀಸಪ್ಪ ಚೀಟಿ ನೋಡಿ ಮಾತಾಡಲಿ. ಅವ್ವನಂಥವರ ರಕ್ತದಲ್ಲಿ ಸೀಸ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಿ, ಬಿಲ್ಲನ್ನು ಸೀಸ ಇಟ್ಟವರಿಗೆ ಕಳಿಸಿ. ಮುಂದಿನ ಸಲ ಅಂಕ ಕೊಡಲು ಕುರ್ಚಿ ಹಾಕುವಾಗ ಅರ್ಧ ಕುರ್ಚಿಗಳನ್ನು ಬಿಚ್ಚುವವರಿಗೆ, ಹೊರುವವರಿಗೆ ಹಾಕಿ. ಅವರ ಲೆಕ್ಕ ನಿಮ್ಮ ಅನುಪಾತಕ್ಕೆ ಹೊಂದದಿದ್ದರೆ ಹಾಳೆ ಹರಿಯಬೇಡಿ. ಗೋಡೌನಿಗೆ ಬಂದು ನೆಲದ ಮೇಲೆ ಕೂತು ಮತ್ತೆ ಕೇಳಿ.

ಕೊಡಲು ಮನಸ್ಸಿಲ್ಲವಾದರೆ ಅದನ್ನಾದರೂ ಬಾಯಿಬಿಟ್ಟು ಹೇಳಿ. ಬಡವರಿಗೆ ಕೊಡುವುದಿಲ್ಲ ಅನ್ನುವುದಕ್ಕೆ 55 ಪ್ರಶ್ನೆ ಬೇಕಿಲ್ಲ.